ಮೂರನೇ ಪುಟಿತ ಯಾರದು?

ತರಬೇತಿ ವಿಮಾನವೊಂದು ರನ್‌ವೇಯಲ್ಲಿ ಮೂಗು ಮುರಿದುಕೊಂಡು ನಿಂತರೆ ಸುದ್ದಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಇಳಿಯುವಾಗ ವಿದ್ಯಾರ್ಥಿಯ ಹತೋಟಿ ತಪ್ಪಿತು, ಇಬ್ಬರೂ ಪಾರು. ಪಕ್ಕದ ಸೀಟಿನಲ್ಲಿ ಅವೇ ಕಂಟ್ರೋಲ್‌ಗಳ ಇನ್ನೊಂದು ಜೊತೆ ಮುಂದಿಟ್ಟುಕೊಂಡು ಕೂತಿದ್ದ ಇನ್‌ಸ್ಟ್ರಕ್ಟರ್ ಆ ಸಾಲಿನಲ್ಲಿ ಕಾಣುವುದೇ ಇಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು. ಸೆಸ್ನಾ 172ರಂಥ ವಿಮಾನ 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ಆಸುಪಾಸಿನ ವೇಗದಲ್ಲಿ ಬಂದು, ನೆಲಕ್ಕೆ ಕೆಲವೇ ಅಡಿ ಉಳಿದಾಗ ಮೂಗನ್ನು ಮೆಲ್ಲಗೆ ಎತ್ತಿ, ಹಿಂದಿನ ಎರಡು ಚಕ್ರಗಳ ಮೇಲೆ ಕೂರಬೇಕು. ಪೈಲಟ್‌ಗಳ ಮಾತಿನಲ್ಲಿ ಇದೇ ಫ್ಲೇರ್. ವೇಗ ಹೆಚ್ಚಿದ್ದೂ ಬಲವಂತವಾಗಿ ಇಳಿಸಹೋದರೆ ಮುಂದಿನ ಚಕ್ರ ಮೊದಲು ತಾಗಿ ವಿಮಾನ ಪುಟಿಯುತ್ತದೆ. ಗಾಬರಿಬಿದ್ದ ವಿದ್ಯಾರ್ಥಿ ಅದನ್ನು ನೆಲಕ್ಕೆ ಒತ್ತಲೆಂದು ಯೋಕ್ ಎಂಬ ಹಿಡಿಕೆಯನ್ನು ಮುಂದೆ ತಳ್ಳುತ್ತಾನೆ. ಎರಡನೇ ಪೆಟ್ಟು ಮೊದಲಿನದಕ್ಕಿಂತ ಜೋರು. ಮೂರನೆಯದಕ್ಕೆ ಮುಂಗಾಲು ಬಾಗಿ, ಪ್ರೊಪೆಲರ್ ಟಾರಿಗೆ ಬಡಿದು, ಎಂಜಿನ್ ಹಿಂದಿನ ತಗಡು ಸುಕ್ಕುಗಟ್ಟಿರುತ್ತದೆ. ಎಲ್ಲವೂ ಕೆಲವೇ ಸೆಕೆಂಡುಗಳ ಆಟ. ಮೊದಲ ಪುಟಿತ ವಿದ್ಯಾರ್ಥಿಯದೇ, ಒಪ್ಪೋಣ. ಮೂರನೆಯದೂ ಅವನದೇ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹೊಣೆಯ ಈ ಗೊಂದಲವೇ ಇಲ್ಲದ ಕಾಲವೊಂದಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಆವೋರ್, ಪೋ ಶಾಲೆಗಳಲ್ಲಿ 'ಪೆಂಗ್ವಿನ್' ಎಂಬ ವಿಚಿತ್ರ ಯಂತ್ರವಿತ್ತು: ರೆಕ್ಕೆ ಮೊಟಕು ಮಾಡಿ ಹಾರಲಾಗದಂತೆ ಮಾಡಿದ ಬ್ಲೇರಿಯೋ ವಿಮಾನ. ಕಲಿಯುವವ ಒಬ್ಬನೇ ಕೂತು ಮೈದಾನದ ಈ ತುದಿಯಿಂದ ಆ ತುದಿಗೆ ಅದನ್ನು ನೇರ ಓಡಿಸಬೇಕು. ಅದಕ್ಕೋ ಸ್ವಲ್ಪ ಸಡಿಲ ಬಿಟ್ಟರೂ ಗಿರ್ರನೆ ಸುತ್ತುವ ಚಾಳಿ. ಅದು ಪಳಗಿದ ಮೇಲೆ ಹಾರಬಲ್ಲ ವಿಮಾನದಲ್ಲಿ ಕೆಲವೇ ಮೀಟರ್ ಎತ್ತರದ ನೆಗೆತ, ಅಲ್ಲೇ ಇಳಿತ, ಮತ್ತೆ ನೆಗೆತ. ಗುರು ನಿಂತಿರುತ್ತಿದ್ದುದು ನೆಲದ ಮೇಲೆ. ಕೇಳಿದರೆ ನಗು ಬರುತ್ತದೆ, ಆದರೆ ಇಂದು ಪಾಠದ ಬಾಲವಾಗಿರುವ ಇಳಿತಕ್ಕೆ ಅಲ್ಲಿ ಮೊದಲ ಸ್ಥಾನವಿತ್ತು ಎಂಬುದನ್ನು ಮರೆಯಬಾರದು. 1917ರಲ್ಲಿ ಇಂಗ್ಲೆಂಡಿನ ಗೋಸ್‌ಪೋರ್ಟ್‌ನಲ್ಲಿ ಮೇಜರ್ ರಾಬರ್ಟ್ ಸ್ಮಿತ್-ಬ್ಯಾರಿ ಬೇರೆ ದಾರಿ ಹಿಡಿದ: ಜೋಡಿ ಕಂಟ್ರೋಲ್‌ನ ಆವ್ರೋ 504, ಗುರುವಿನ ಮಾತು ಶಿಷ್ಯನ ಕಿವಿಗೆ ಮುಟ್ಟಿಸುವ ಕೊಳವೆ. 1948ರಲ್ಲಿ ಜಕ್ಕೂರಿನಲ್ಲಿ ಶುರುವಾದ ಸರ್ಕಾರಿ ಶಾಲೆಯೂ ಸೇರಿ ಇಂದಿನ ವೈಮಾನಿಕ ತರಬೇತಿಯೆಲ್ಲ ಬಹುಮಟ್ಟಿಗೆ ಈ ವಂಶದ್ದು. ಎರಡನೇ ಕೈ ಜೀವ ಉಳಿಸಿತು, ನಿಜ. ಅದು ಯಾವಾಗ ಮುಂದೆ ಬರಬೇಕೆಂಬ ಹೊಸ ಸಮಸ್ಯೆಯನ್ನೂ ತಂದಿತು.

ತಪ್ಪು ಮಾಡಲು ಬಿಡದೆ ಕಲಿಸುವುದು ಹೇಗೆ ಎಂದು ಇನ್‌ಸ್ಟ್ರಕ್ಟರ್‌ಗಳು ಕೇಳಬಹುದು. ಸ್ಮಿತ್-ಬ್ಯಾರಿಯೂ ಶಿಷ್ಯರನ್ನು ಬೇಕೆಂದೇ ಅಪಾಯಕ್ಕೆ ಒಡ್ಡಿ ಹೊರಬರುವುದನ್ನು ಕಲಿಸುತ್ತಿದ್ದ. ಆದರೆ ಮೇಲೆ ಸ್ಪಿನ್‌ಗೆ ಸಿಕ್ಕು ಗಿರಕಿ ಹೊಡೆಯುತ್ತ ಬೀಳುವ ವಿಮಾನಕ್ಕೆ ಎತ್ತರದ ಬಂಡವಾಳ ಇರುತ್ತದೆ, ಫ್ಲೇರ್‌ನಲ್ಲಿ ಅದು ಇರುವುದಿಲ್ಲ. ಸಣ್ಣ ಪುಟಿತವನ್ನು ಅಲ್ಲೇ ಸರಿಪಡಿಸಬಹುದು. ಅದು ಮೀರಿತೋ, ಥ್ರಾಟಲ್ ಪೂರ್ತಿ ಕೊಟ್ಟು ಮತ್ತೆ ಮೇಲೇರುವ ಗೋ-ಅರೌಂಡ್ ಮಾಡುವುದೇ ಸರಿ. ಒಂದು ಸುತ್ತು ಹಾಕಿ ಬಂದರೆ ಅದೇ ಪಾಠ ಅಲ್ಲೇ ಕಾದಿರುತ್ತದೆ. ಸೋಲೋ ಹಾರಾಟದಲ್ಲಿ ಗುರುವೇ ಇರುವುದಿಲ್ಲವಲ್ಲ ಎಂಬ ಮಾತಂತೂ ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಗಳಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿರಬೇಕು. ಪ್ರತಿ ಪುಟಿತದಲ್ಲೂ ಸದ್ದಿಲ್ಲದೆ ಪಕ್ಕದ ಕೈ ಬಂದು ಕಾಪಾಡಿದ್ದರೆ, ಒಬ್ಬನೇ ಇದ್ದಾಗ ಥ್ರಾಟಲ್‌ಗೆ ಕೈ ಹೋಗುವ ಅಭ್ಯಾಸ ಎಲ್ಲಿಂದ ಬರಬೇಕು? ಇಂಥ ಅವಘಡಗಳಲ್ಲಿ ಸಾವು ಕಡಿಮೆ, ಇಷ್ಟು ರಗಳೆ ಯಾಕೆ ಎನ್ನುವವರೂ ಇದ್ದಾರೆ. ಪ್ರೊಪೆಲರ್ ನೆಲಕ್ಕೆ ಬಡಿದರೆ ಎಂಜಿನ್ ಬಿಚ್ಚಿ ನೋಡಲೇಬೇಕು. ಬೆರಳೆಣಿಕೆಯ ವಿಮಾನಗಳಿರುವ ಶಾಲೆಗೆ ಅದರ ಬಿಸಿ ಎಷ್ಟೆಂದು ಅವರು ಹ್ಯಾಂಗರ್‌ನಲ್ಲಿ ಕೇಳಲಿ. ತನಿಖೆಯವರು ಗಾಳಿಯ ವೇಗ, ವಿದ್ಯಾರ್ಥಿಯ ಹಾರಾಟದ ಗಂಟೆ ಬರೆದುಕೊಳ್ಳುವಾಗ ಇನ್ನೆರಡು ವಿಷಯ ಸೇರಿಸಿಕೊಂಡರೆ ಸಾಕು: ಇನ್‌ಸ್ಟ್ರಕ್ಟರ್ ಹತೋಟಿ ತನ್ನ ಕೈಗೆ ತೆಗೆದುಕೊಳ್ಳುವಾಗ ಹೇಳುವ 'ಐ ಹ್ಯಾವ್ ಕಂಟ್ರೋಲ್' ಎಂಬ ಮಾತು ಎಷ್ಟನೇ ಪುಟಿತಕ್ಕೆ ಬಂತು, ಮತ್ತು ಯಾವಾಗ ಬರಬೇಕೆಂದು ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದರೇ.