ಮಗುವನ್ನು ಯಾರ ಕೈಗೆ ಒಪ್ಪಿಸೋಣ?

‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು’ ಎಂದು ಆತುರಗಾರರನ್ನು ಕುರಿತು ನಾವು ಹಾಸ್ಯ ಮಾಡುವುದುಂಟು. ಆದರೆ ಪತಿಪತ್ನಿಯರಿಬ್ಬರೂ ದುಡಿಯುವ ಇಂದಿನ ಸಂಸಾರಗಳಲ್ಲಿ ಕುಲಾವಿಯನ್ನಷ್ಟೇ ಅಲ್ಲ, ಕೂಸನ್ನು ಎತ್ತಿಕೊಳ್ಳುವ ಕೈಗಳನ್ನೂ ಮುಂಚಿತವಾಗಿಯೇ ಅರಸಬೇಕಾಗಿದೆ. ಅಜ್ಜಿ, ಸೋದರತ್ತೆ, ಚಿಕ್ಕಮ್ಮಂದಿರಿಂದ ತುಂಬಿದ ಮನೆಗಳನ್ನು ಬಿಟ್ಟು ನಾಸಿಕ, ಛತ್ರಪತಿ ಸಂಭಾಜಿನಗರಗಳಿಗೆ ಬಂದು ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಈ ಸಂಗತಿ ಅನುಭವವೇದ್ಯವಾದುದು. ಸಾತ್ಪೂರ್, ಅಂಬಡ್, ವಾಳೂಜ್, ಶೇಂದ್ರಾ ಕೈಗಾರಿಕಾ ವಸಾಹತುಗಳಲ್ಲಿ ದುಡಿದವರ ಮಕ್ಕಳಲ್ಲಿ ಕೆಲವರು ಇನ್ನೂ ದೂರ ಸಾಗಿ ಜರ್ಮನಿ, ಅಮೆರಿಕಗಳನ್ನು ಸೇರಿದ್ದಾರೆ. ಅಲ್ಲಿ ಅವರಿಗೆ ಇದೇ ಸಮಸ್ಯೆ ಇಮ್ಮಡಿಯಾಗಿ ಎದುರಾಗುತ್ತದೆ.

ಕಳೆದ ದೀಪಾವಳಿಯಂದು ಸ್ಟುಟ್‌ಗಾರ್ಟ್ ನಗರದಲ್ಲಿರುವ ನನ್ನ ಅಕ್ಕನ ಮಗಳು ದೂರವಾಣಿಯಲ್ಲಿ ಕೇಳಿದಳು: “ಮಾಮಾ, ನಮ್ಮ ಊರ ಕಡೆಯ ಒಳ್ಳೆಯ ಹುಡುಗಿಯೊಬ್ಬಳನ್ನು ‘ಓ ಪೇರ್’ ಆಗಿ ಕರೆಸಿಕೊಳ್ಳಬಹುದೇ? ಮಗುವಿನ ಕಿವಿಗೆ ನಾಲ್ಕು ಕನ್ನಡ ಮಾತುಗಳೂ ಬಿದ್ದಾವು.” ನಾನು ವೈದ್ಯನಲ್ಲ, ವಕೀಲನೂ ಅಲ್ಲ, ವಾಣಿಜ್ಯ ಪದವಿ ಪಡೆದ ಬ್ಯಾಂಕ್ ಅಧಿಕಾರಿ. ಆದರೆ ನಿಯಮಾವಳಿಗಳನ್ನು ಬಿಡದೆ ಓದುವುದು ವೃತ್ತಿಯಿಂದ ಬಂದ ಅಭ್ಯಾಸ. ಹಾಗೆ ಓದಿ ತಿಳಿದುದನ್ನೂ, ನಮ್ಮ ಮನೆಯಲ್ಲಿಯೇ ಒಮ್ಮೆ ಪೆಟ್ಟು ತಿಂದು ಕಲಿತುದನ್ನೂ ವಾಚಕರ ಮುಂದಿಡುತ್ತಿದ್ದೇನೆ.

‘ಓ ಪೇರ್’ ಎಂದರೇನು?

ಇದು ಫ್ರೆಂಚ್ ಭಾಷೆಯ ಮಾತು. ‘ಸರಿಸಮಾನವಾಗಿ’ ಎಂದು ಅರ್ಥ. ಪರದೇಶದ ಯುವತಿಯೋ ಯುವಕನೋ ಒಂದು ಕುಟುಂಬದಲ್ಲಿ ಸದಸ್ಯರಂತೆ ಇದ್ದು, ಮಕ್ಕಳನ್ನು ನೋಡಿಕೊಳ್ಳುತ್ತ, ಆ ನಾಡಿನ ಭಾಷೆಯನ್ನೂ ಬದುಕನ್ನೂ ಕಲಿಯುವ ವ್ಯವಸ್ಥೆಯಿದು. ಊಟ, ಕೊಠಡಿ, ಕೈಖರ್ಚಿನ ಹಣ ಕುಟುಂಬದ ಹೊಣೆ. 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪ್ ಪರಿಷತ್ತು ರೂಪಿಸಿದ ಒಪ್ಪಂದವು ಇಂಥವರನ್ನು ಕೇವಲ ವಿದ್ಯಾರ್ಥಿಯೂ ಅಲ್ಲದ, ಕೇವಲ ಕಾರ್ಮಿಕರೂ ಅಲ್ಲದ, ಎರಡರ ಲಕ್ಷಣಗಳೂ ಉಳ್ಳ ಪ್ರತ್ಯೇಕ ವರ್ಗವೆಂದು ಪರಿಗಣಿಸಿತು. ಹೀಗೆ ಬರುವವರು ಮೂರು ತಿಂಗಳಿಗಿಂತ ಹಳೆಯದಲ್ಲದ ವೈದ್ಯಕೀಯ ಪ್ರಮಾಣಪತ್ರವನ್ನು ತರಬೇಕೆಂದೂ, ಉಭಯ ಪಕ್ಷಗಳ ಹಕ್ಕುಬಾಧ್ಯತೆಗಳು ಲಿಖಿತವಾಗಿರಬೇಕೆಂದೂ ಅದು ವಿಧಿಸಿತು.

ಜರ್ಮನಿಯ ನಿಯಮಗಳು ಸ್ಪಷ್ಟವಾಗಿವೆ. ನಮ್ಮ ದೇಶದಿಂದ ಹೋಗುವವರಿಗೆ 18 ವರ್ಷ ತುಂಬಿರಬೇಕು, 27 ತುಂಬಿರಬಾರದು. ಜರ್ಮನ್ ಭಾಷೆಯ ಪ್ರಾಥಮಿಕ ಪರಿಚಯ ಅಗತ್ಯ. ವಾಸದ ಅವಧಿ ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷ. ದುಡಿಮೆ ದಿನಕ್ಕೆ 6, ವಾರಕ್ಕೆ 30 ಗಂಟೆಗಳನ್ನು ಮೀರುವಂತಿಲ್ಲ. ತಿಂಗಳಿಗೆ 280 ಯೂರೋ ಕೈಖರ್ಚು, ಪ್ರತ್ಯೇಕ ಕೊಠಡಿ, ವಾರಕ್ಕೆ ಒಂದೂವರೆ ದಿನದ ಬಿಡುವು, ಇವುಗಳೊಡನೆ ಆರೋಗ್ಯ ಮತ್ತು ಅಪಘಾತ ವಿಮೆಯ ಕಂತನ್ನೂ ಕುಟುಂಬವೇ ಕೊಡಬೇಕು.

ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇನ್ನೊಂದು ನಿಯಮದಲ್ಲಿತ್ತು. ಮನೆಯಲ್ಲಿ ಜರ್ಮನ್ ಮಾತೃಭಾಷೆಯಾಗಿರದೆ ಕೇವಲ ವ್ಯವಹಾರಭಾಷೆಯಾಗಿದ್ದರೆ, ಆತಿಥೇಯ ದಂಪತಿಗಳ ಮೂಲದೇಶದವರನ್ನು ಓ ಪೇರ್ ಆಗಿ ಕರೆಸಿಕೊಳ್ಳುವಂತಿಲ್ಲ. ಬಂದವರು ಜರ್ಮನ್ ಕಲಿಯಲೆಂಬುದೇ ಯೋಜನೆಯ ಉದ್ದೇಶವಾದುದರಿಂದ ಇದು ನ್ಯಾಯವೇ. ಕೂಸಿಗೆ ಕನ್ನಡ ಕಲಿಸುವ ಹೊಣೆ ತಾಯ್ತಂದೆಯರ ಪಾಲಿಗೇ ಉಳಿಯಿತು. ಆಕೆ ಬೇರೆ ದೇಶದವಳನ್ನು ಆರಿಸಬೇಕಾಯಿತು. ಆರಿಸುವುದು ಹೇಗೆ?

ನಮ್ಮ ಮನೆಯ ಪಾಠ

2014ರ ಮಾತು. ಆಗ ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಸಂಭಾಜಿನಗರಕ್ಕೆ ನನಗೆ ವರ್ಗವಾಗಿತ್ತು. ಪತ್ನಿಯೂ ಉದ್ಯೋಗಸ್ಥೆ, ಮಗನಿಗೆ ಎಂಟು ತಿಂಗಳು. ಬಂಧುಗಳೊಬ್ಬರ ಮಾತನ್ನು ನಂಬಿ ಊರ ಕಡೆಯಿಂದ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆತಂದೆವು. ನಾವು ವಿಚಾರಿಸಿದ್ದು ಎರಡೇ: ಅಡುಗೆ ಬರುತ್ತದೆಯೇ, ಕೈ ಶುದ್ಧವಾಗಿದೆಯೇ? ಮಲಗಲು ಅಡುಗೆಮನೆಯ ಮೂಲೆಯನ್ನು ಕೊಟ್ಟೆವು. ದುಡಿಮೆಗೆ ಹೊತ್ತುಗೊತ್ತು ಇರಲಿಲ್ಲ.

ಎರಡನೆಯ ತಿಂಗಳು ಆಕೆ ಸೊರಗತೊಡಗಿದಳು. ರಾತ್ರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದುದನ್ನು ಪತ್ನಿ ಒಂದು ದಿನ ಕಂಡಳು. ಪರೀಕ್ಷಿಸಿದಾಗ ಶ್ವಾಸಕೋಶದ ಕ್ಷಯವೆಂದು ತಿಳಿಯಿತು. “ಮೂರು ವಾರದಿಂದ ಕೆಮ್ಮಿದೆ. ಹೇಳಿದರೆ ಊರಿಗೆ ಕಳಿಸಿಬಿಡುತ್ತೀರೆಂದು ಹೇಳಲಿಲ್ಲ, ಅಣ್ಣಾ” ಎಂದು ಆಕೆ ಅತ್ತಳು. ನಾಚಿಕೆಯಿಂದಲೇ ಬರೆಯುತ್ತೇನೆ: ನನ್ನ ಮೊದಲ ಯೋಚನೆಯೂ ಅದೇ ಆಗಿತ್ತು, ಅಂದಿನ ರಾತ್ರಿ ಬಸ್ಸಿಗೇ ಹತ್ತಿಸಿಬಿಡುವುದು. ಪತ್ನಿ ಒಪ್ಪಲಿಲ್ಲ. ಮಗುವನ್ನು ಕೆಲಕಾಲ ಅಜ್ಜಿಯ ಬಳಿ ಬಿಟ್ಟು, ಗಾಳಿಬೆಳಕಿನ ಕೊಠಡಿಯನ್ನು ಆಕೆಗೆ ತೆರವು ಮಾಡಿಕೊಟ್ಟಳು. ಸರ್ಕಾರದ ಉಚಿತ ಔಷಧಗಳಿಂದ ಆಕೆ ಆರು ತಿಂಗಳಲ್ಲಿ ಗುಣಮುಖಳಾದಳು. ಮಗುವಿಗೂ ಆರು ತಿಂಗಳು ಮುಂಜಾಗ್ರತೆಯ ಔಷಧ ಕೊಡಬೇಕಾಯಿತು. ದೈವಕೃಪೆಯಿಂದ ಅವನಿಗೆ ರೋಗ ತಗಲಲಿಲ್ಲ.

ಅಂದು ವೈದ್ಯರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ರೋಗವನ್ನು ಬಚ್ಚಿಟ್ಟವಳು ಆಕೆ, ಬಚ್ಚಿಡುವಂತೆ ಮಾಡಿದವರು ನೀವು.” ಆಶ್ರಯ ತಪ್ಪೀತೆಂಬ ಭಯವುಳ್ಳವರು ಮಗು ಮಂಚದಿಂದ ಬಿದ್ದುದನ್ನೂ ಹೇಳಲಾರರು, ತಮ್ಮ ಜ್ವರವನ್ನೂ ಹೇಳಲಾರರು. ಆದುದರಿಂದ ಕೊಠಡಿ, ಬಿಡುವು, ವಿಮೆ, ಕರಾರುಗಳು ನಾವು ತೋರುವ ಔದಾರ್ಯವಲ್ಲ. ನಮ್ಮ ಮಗುವಿನ ರಕ್ಷಾಕವಚ.

ಆಯ್ಕೆಯ ಕ್ರಮ

ಸಾಲಕೊಡುವಾಗ ಜಾಮೀನುದಾರರನ್ನು ಕೇಳುವ ನಾವು, ಕೂಸನ್ನು ಒಪ್ಪಿಸುವಾಗ ಭಾವಚಿತ್ರವನ್ನಷ್ಟೇ ನೋಡಿ ತೃಪ್ತರಾಗುತ್ತೇವೆ. ಈ ವಿಷಯದಲ್ಲಿ ಅಮೆರಿಕದ ಓ ಪೇರ್ ನಿಯಮಾವಳಿ ಮಾದರಿಯಾಗಿದೆ. ಅಲ್ಲಿ ಅಭ್ಯರ್ಥಿಗಳು 18ರಿಂದ 26 ವರ್ಷದೊಳಗಿನವರಾಗಿದ್ದು ಪ್ರೌಢ ಶಿಕ್ಷಣ ಪೂರೈಸಿರಬೇಕು. ಅದರ ಮುಖ್ಯಾಂಶಗಳನ್ನು ಯಾವ ದೇಶದ ಕುಟುಂಬವಾದರೂ ಅನುಸರಿಸಬಹುದು.

1. ಬಂಧುಗಳಲ್ಲದ ಮೂವರ ಶಿಫಾರಸು, ಶಾಲೆಯ ದೃಢೀಕರಣ ಮತ್ತು ಪೊಲೀಸ್ ದಾಖಲೆಗಳ ಪರಿಶೀಲನೆ ಆಗಿರಬೇಕು. ಪತ್ರವನ್ನು ಓದಿ ಸುಮ್ಮನಾಗದೆ, ಬರೆದವರೊಡನೆ ಮಾತನಾಡಬೇಕು.

2. ಎರಡು ವರ್ಷದೊಳಗಿನ ಮಗುವಿರುವ ಮನೆಗೆ ಬರುವವರಿಗೆ ಶಿಶುಪಾಲನೆಯಲ್ಲಿ ಕನಿಷ್ಠ 200 ಗಂಟೆಗಳ ದಾಖಲಿತ ಅನುಭವವಿರಬೇಕು. ಮೂರು ತಿಂಗಳೊಳಗಿನ ಕೂಸಿದ್ದಲ್ಲಿ ಹೊಣೆಯುಳ್ಳ ಹಿರಿಯರೊಬ್ಬರು ಮನೆಯಲ್ಲಿ ಇರಲೇಬೇಕು.

3. ಹೊರಡುವ ಮೊದಲೇ ಕುಟುಂಬವು ಅಭ್ಯರ್ಥಿಯೊಡನೆ ದೂರವಾಣಿಯಲ್ಲಿ ಮಾತನಾಡಿರಬೇಕು. ದುಡಿಮೆಯ ಗಂಟೆಗಳನ್ನು ನಮೂದಿಸಿದ ಕರಾರಿಗೆ ಇಬ್ಬರೂ ಸಹಿ ಹಾಕಿರಬೇಕು. ಅಲ್ಲಿ ಮಿತಿ ದಿನಕ್ಕೆ 10, ವಾರಕ್ಕೆ 45 ಗಂಟೆ.

4. ಬಂದ ಮೊದಲ ಮೂರು ದಿನ ತಂದೆ ಅಥವಾ ತಾಯಿ, ಇಲ್ಲವೇ ಹೊಣೆಯುಳ್ಳ ಹಿರಿಯರು ಮನೆಯಲ್ಲಿಯೇ ಇರಬೇಕು. ಒಂದು ವಾರ ರಜೆ ಹಾಕಿದರೆ ಇನ್ನೂ ಲೇಸು.

ಮಾತನಾಡುವಾಗ “ಮಕ್ಕಳೆಂದರೆ ಪ್ರೀತಿಯೇ?” ಎಂದು ಕೇಳಬಾರದು, ಯಾರೂ ಇಲ್ಲವೆನ್ನರು. “ಮಗು ಒಂದು ಗಂಟೆ ಬಿಡದೆ ಅತ್ತರೆ ಏನು ಮಾಡುವೆ?” ಎಂದು ಕೇಳಬೇಕು. ನಮ್ಮ ಮನೆಯ ಕಷ್ಟಗಳನ್ನೂ ಬಚ್ಚಿಡದೆ ಹೇಳಬೇಕು. ಶಾಕಾಹಾರ, ಬೆಳಗಿನ ಬೇಗನೆಯ ಏಳುವಿಕೆ, ಚಿಕ್ಕ ಕೊಠಡಿ ಇವೆಲ್ಲ ಮೊದಲೇ ತಿಳಿದಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆಯಿಲ್ಲ.

ಆರೋಗ್ಯದ ಎಚ್ಚರಿಕೆಗಳು

ಆರೈಕೆ ಮಾಡುವವರಿಗೆ ಕ್ಷಯದ ತಪಾಸಣೆ ಆಗಿರಲಿ. ಎರಡು ವಾರ ಮೀರಿದ ಕೆಮ್ಮನ್ನು ಯಾರಲ್ಲಿಯೇ ಆಗಲಿ ಉಪೇಕ್ಷಿಸಬಾರದು. ನಾಯಿಕೆಮ್ಮು ಹಾಗೂ ದಡಾರದ ವಿರುದ್ಧ ಅವರಿಗೆ ಲಸಿಕೆಯಾಗಿದೆಯೇ ಎಂದು ವೈದ್ಯರಲ್ಲಿ ವಿಚಾರಿಸಬೇಕು. ನಾಯಿಕೆಮ್ಮು ದೊಡ್ಡವರಿಗೆ ಬರಿಯ ಕೆಮ್ಮು, ಹಸುಗೂಸಿಗೆ ಪ್ರಾಣಾಂತಿಕ. ಲಸಿಕೆಯು ಕೂಸಿನ ಬಳಿ ಬರುವ ಎರಡು ವಾರ ಮೊದಲೇ ಆಗಿದ್ದರೆ ಉತ್ತಮ.

ಕೂಸನ್ನು ಅಂಗಾತವಾಗಿ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸಬೇಕು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ನಮ್ಮ ಹಿರಿಯರ ರೂಢಿಯಾದರೂ ಇದನ್ನು ಬಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಅಳುವ ಕೂಸನ್ನು ಎಂದಿಗೂ ಜೋರಾಗಿ ಅಲುಗಾಡಿಸಬಾರದು. ಮೆದುಳಿನೊಳಗೆ ರಕ್ತಸ್ರಾವವಾಗಿ ಜೀವವೇ ಹೋದೀತು. ಸಹನೆ ಮುಗಿದಾಗ ಮಗುವನ್ನು ತೊಟ್ಟಿಲಲ್ಲಿ ಸುರಕ್ಷಿತವಾಗಿ ಮಲಗಿಸಿ, ಕೆಲವು ನಿಮಿಷ ಪಕ್ಕಕ್ಕೆ ಸರಿದು ಸಮಾಧಾನ ತಂದುಕೊಳ್ಳುವುದು ತಪ್ಪಲ್ಲವೆಂದು ಆಕೆಗೆ ಸ್ಪಷ್ಟವಾಗಿ ಹೇಳಿರಬೇಕು. ತುರ್ತುಕರೆಯ ಸಂಖ್ಯೆ ಗೋಡೆಯ ಮೇಲಿರಲಿ: ಜರ್ಮನಿಯಲ್ಲಿ 112, ಅಮೆರಿಕದಲ್ಲಿ 911, ನಮ್ಮ ಮಹಾರಾಷ್ಟ್ರದಲ್ಲಿ 108.

ಆರೈಕೆ ಮಾಡುವವರ ಆರೋಗ್ಯವೂ ಅಷ್ಟೇ ಮುಖ್ಯ. ಪರದೇಶದಲ್ಲಿ ಊರಿನ ನೆನಪು ಕಾಡುವುದು ಸಹಜ. ಊಟ ಸೇರದಿರುವುದು, ನಿದ್ರೆ ಬಾರದಿರುವುದು ಮನೋಭಾರದ ಸೂಚನೆಗಳಾಗಿರಬಹುದು. ವಾರಕ್ಕೊಮ್ಮೆ ಕುಳಿತು ಅರ್ಧ ಗಂಟೆ ಮಾತನಾಡುವ ರೂಢಿಯಿದ್ದರೆ ಅನೇಕ ತೊಡಕುಗಳು ಮೊಳಕೆಯಲ್ಲಿಯೇ ಬಿಡಿಸಿಹೋಗುತ್ತವೆ.

ನಮ್ಮೂರಿನಲ್ಲಿಯೂ ಇದೇ ನೀತಿ

ವಿದೇಶದ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ನಾಸಿಕದಲ್ಲಿಯೂ ಊರ ಕಡೆಯಿಂದ ಹೆಣ್ಣುಮಕ್ಕಳನ್ನು ಕರೆತರುವ ಮನೆಗಳಿವೆ. ಹದಿನಾಲ್ಕು ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ಪ್ರಾಯಕ್ಕೆ ಬಂದವರಿಗಾದರೂ ವೈದ್ಯ ತಪಾಸಣೆ, ವಾರದ ರಜೆ, ಮಲಗಲು ಸ್ಥಳ, ಲಿಖಿತ ಒಪ್ಪಂದ ಇವು ನಾಲ್ಕನ್ನು ಕೊಡಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.

ಅಕ್ಕನ ಮಗಳು ಮೂವರು ಅಭ್ಯರ್ಥಿಗಳೊಡನೆ ಮಾತನಾಡಿದಳು. ಇಬ್ಬರು ಎಲ್ಲಕ್ಕೂ ‘ಆಗಲಿ’ ಎಂದರು. ಮೂರನೆಯವಳು ಮಾತ್ರ ಮರುಪ್ರಶ್ನೆ ಹಾಕಿದಳು: “ನನಗೆ ಜ್ವರ ಬಂದ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತೀರಿ?” “ಆರಿಸಿದ್ದು ಅವಳನ್ನೇ, ಮಾಮಾ” ಎಂದಳು ನನ್ನ ಸೊಸೆಮುದ್ದು. ನಮ್ಮ ಮನೆಯ ಹುಡುಗಿ 2014ರಲ್ಲಿ ಕೇಳಲಾರದೆ ಹೋದ ಪ್ರಶ್ನೆ ಅದು. ಅದನ್ನು ಧೈರ್ಯದಿಂದ ಕೇಳಬಲ್ಲವರ ಕೈಯಲ್ಲಿ, ಅದಕ್ಕೆ ಉತ್ತರ ಸಿದ್ಧವಿರುವ ಮನೆಯಲ್ಲಿ, ಕೂಸು ಕ್ಷೇಮವಾಗಿರುತ್ತದೆ.