ಮನೆ ಮಾರುವ ಮುನ್ನ ಒಪ್ಪ ಓರಣ

ಪುಣೆ: ನಿವೃತ್ತಿಯ ನಂತರ ಕೋಥರೂಡ್, ಸಹಕಾರನಗರಗಳ ಹಳೆಯ ಫ್ಲ್ಯಾಟ್ ಮಾರಿ ಊರಿಗೆ ಮರಳಲು ಬಯಸುವ ಕನ್ನಡಿಗರು ಮೊದಲು ಅಟ್ಟ ಖಾಲಿ ಮಾಡುವುದು ಒಳ್ಳೆಯದು. ಕೊಳ್ಳುವವರು ನೋಡುವುದು ಮಾರುವವರ ಮೂವತ್ತು ವರ್ಷದ ನೆನಪುಗಳನ್ನಲ್ಲ, ತಮ್ಮ ಸಾಮಾನಿಗೆ ಜಾಗವನ್ನು. ಗ್ಯಾಲರಿಯ ಹಳೆ ಡಬ್ಬಗಳನ್ನು ತೆಗೆದು, ಕಿಟಕಿ ತೊಳೆದು, ಹಗಲು ಬೆಳಕಿನಲ್ಲಿ ಮನೆ ತೋರಿಸಿದರೆ ಅರ್ಧ ಕೆಲಸ ಆದಂತೆ.

ಆದರೆ ಮಳೆಗಾಲದಲ್ಲಿ ಒಸರುವ ಗೋಡೆಯನ್ನು ಬರೀ ಬಣ್ಣ ಬಳಿದು ಮುಚ್ಚಬಾರದು. ಸುಲಭಕ್ಕೆ ಕಾಣದ ಮುಖ್ಯ ದೋಷ ಗೊತ್ತಿದ್ದರೆ ಮಾರುವವರೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ರಿಪೇರಿ ಮಾಡಿಸಿ ಬಿಲ್ಲು ತೋರಿಸಿದರೆ ನಂಬಿಕೆ ಹುಟ್ಟುತ್ತದೆ.

ಸೊಸೈಟಿಯ ಶೇರ್ ಸರ್ಟಿಫಿಕೇಟ್, ನೋಂದಣಿಯ ಇಂಡೆಕ್ಸ್-2, ತೆರಿಗೆ ರಸೀದಿ ಒಂದೇ ಫೈಲಿನಲ್ಲಿರಲಿ. ಮನೆ ಎಷ್ಟೇ ಮಿಂಚಿದರೂ, ಕಾಗದಪತ್ರ ಸರಿಯಿಲ್ಲದಿದ್ದರೆ ಕೊಳ್ಳುವವರ ಸಾಲದ ಅರ್ಜಿ ಬ್ಯಾಂಕಿನ ಮೇಜು ದಾಟುವುದು ಕಷ್ಟ.