ಎಳೆಯ ಮರದ ಶಿಕ್ಷೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳ ವಿಷಯದಲ್ಲಿ ಎಲ್ಲರೂ ಹೇಳುವರು. ಗಿಡದ ವಿಷಯದಲ್ಲಿ ಮಾತ್ರ ಮರೆಯುವರು. ನೆರಳಿಗೆಂದು ಅಂಗಳದಲ್ಲಿ ಹೊಂಗೆಯ ಸಸಿಯೊಂದನ್ನು ನೆಟ್ಟು, ಬೇಲಿ ಕಟ್ಟಿ, ಎರಡು ಬೇಸಗೆ ನೀರೆರೆದರೆ ಕರ್ತವ್ಯವು ತೀರಿತೆಂದು ತಿಳಿಯುವ ಗೃಹಸ್ಥರೇ ಹೆಚ್ಚು.

ಘಟ್ಟದ ಬುಡದಲ್ಲಿರುವ ನಮ್ಮ ಚಾರ್ಮಾಡಿಯಲ್ಲಿ ಇಷ್ಟು ಸಾಲದು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಮಳೆಗಾಳಿಗಳದೇ ರಾಜ್ಯ. 2019ನೆಯ ಇಸವಿಯ ಆಗಸ್ಟಿನಲ್ಲಿ ಘಾಟಿಯ ಗುಡ್ಡಗಳು ಕುಸಿದು ಮಾರ್ಗವು ಮುಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಗುಡ್ಡದ ಕುಸಿತವನ್ನು ತಡೆಯುವುದು ಗೃಹಸ್ಥನ ಕೈಯಲ್ಲಿಲ್ಲ. ಆದರೆ ಅಂಗಳದ ಮರವು ಸೀಳಿ ಮಾಡಿನ ಮೇಲೆ ಬೀಳದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಅವನ ಕೈಯಲ್ಲಿಯೇ ಇದೆ.

ಮರವು ಸೀಳುವುದೇಕೆ? ಹೊಂಗೆಯು ನೆಲಕ್ಕೆ ಸಮೀಪದಲ್ಲಿಯೇ ಕವಲೊಡೆಯುವ ಸ್ವಭಾವದ್ದು. ಸಮಬಲದ ಎರಡು ಕವಲುಗಳು ಇಕ್ಕಟ್ಟಾಗಿ ಜೊತೆಯಲ್ಲಿ ಏರಿದರೆ, ಅವು ದಪ್ಪವಾದಂತೆ ನಡುವೆ ತೊಗಟೆಯು ಸಿಕ್ಕಿಕೊಳ್ಳುವುದು. ಅಲ್ಲಿ ಕಟ್ಟಿಗೆಯು ಕಟ್ಟಿಗೆಯೊಡನೆ ಬೆಸೆಯದು. ಎಲೆಗಳು ಮಳೆನೀರಿನಿಂದ ಭಾರವಾದಾಗ ಬೀಸುವ ಗಾಳಿಯು ಆ ಸಂದಿನಲ್ಲಿಯೇ ಮರವನ್ನು ಇಬ್ಭಾಗ ಮಾಡುವುದು. ಒಂದು ಮನೆಗೆ ಒಬ್ಬನೇ ಯಜಮಾನನಿರುವಂತೆ ಒಂದು ಮರಕ್ಕೆ ಒಂದೇ ನಡುಗಾಂಡವಿರತಕ್ಕದ್ದು. ಸಸಿಯು ಬೇರೂರಿದ ಮೇಲೆ ನೆಟ್ಟಗಿರುವ ಒಂದು ಕವಲನ್ನು ಆರಿಸಿಕೊಂಡು, ಅದರ ಪ್ರತಿಸ್ಪರ್ಧಿಯನ್ನು ಮೊಟಕಿಸಬೇಕು ಇಲ್ಲವೆ ತೆಗೆಯಬೇಕು.

ಪಕ್ಕದ ಕೊಂಬೆಗಳು ಕಾಂಡದ ಅರ್ಧ ದಪ್ಪವನ್ನು ಮೀರಬಾರದು. ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಎತ್ತರದಲ್ಲಿ ಹರಡಿರಬೇಕು. ಕೆಳಗಿನ ಚಿಕ್ಕ ರೆಂಬೆಗಳನ್ನು ಒಮ್ಮೆಲೇ ಬೋಳಿಸುವುದು ಅವಿವೇಕ. ಅವುಗಳ ಎಲೆಗಳೇ ಕಾಂಡಕ್ಕೆ ಅನ್ನವನ್ನಿತ್ತು ಬಲಪಡಿಸುವುವು. ಅವನ್ನು ಮೊಟಕಿಸಿಟ್ಟು, ಕೆಲವು ವರ್ಷಗಳಲ್ಲಿ ಕ್ರಮವಾಗಿ ತೆಗೆಯಬೇಕು. ಒಂದು ವರ್ಷದಲ್ಲಿ ಹಸುರಿನ ಕಾಲುಭಾಗಕ್ಕಿಂತ ಹೆಚ್ಚನ್ನು ಕೀಳಬಾರದು. ತಲೆಯನ್ನೇ ಕಡಿಯುವುದಂತೂ ಕೂಡದು. ಅಲ್ಲಿ ಚಿಗುರುವ ಕೊಂಬೆಗಳಿಗೆ ಹಿಡಿತವು ಕಡಿಮೆ.

ಮಳೆಯು ಪೂರ್ಣವಾಗಿ ನಿಂತು ಒಣಹವೆ ಬಂದ ಮೇಲೆ ಹರಿತವಾದ ಗರಗಸದಿಂದ ಈ ಕೆಲಸವನ್ನು ಮಾಡಬೇಕು. ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳೊಂದು ಕಾಣುವುದು. ಅದನ್ನು ಗಾಯಗೊಳಿಸದೆ, ಮೋಟನ್ನೂ ಉಳಿಸದೆ, ಅದರ ಅಂಚಿನ ಹೊರಗೆ ಕತ್ತರಿಸಬೇಕು. ದಪ್ಪ ಕೊಂಬೆಯಾದರೆ ಗೇಣು ದೂರದಲ್ಲಿ ಕೆಳಗಿನಿಂದ ಕಚ್ಚು ಹಾಕಿ, ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಕೆಡವಿ, ಕೊನೆಗೆ ಮೋಟನ್ನು ತೆಗೆದರೆ ತೊಗಟೆಯು ಸುಲಿಯದು.

6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ರೋಗಪೀಡಿತ ಮರವನ್ನು ಶಸ್ತ್ರದಿಂದ ಶೋಧಿಸಿ ವಿಡಂಗ, ತುಪ್ಪ, ಕೆಸರುಗಳನ್ನು ಲೇಪಿಸಲು ಹೇಳಿರುವನು. ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಷೈಗೊ, ಮರವು ಗಾಯವನ್ನು ತಾನೇ ಒಳಗೊಳಗೆ ಗೋಡೆಕಟ್ಟಿ ಬೇರ್ಪಡಿಸುವುದೆಂದು 20ನೆಯ ಶತಮಾನದಲ್ಲಿ ತೋರಿಸಿದರು. ಸರಿಯಾಗಿ ಕೊಯ್ದ ಚಿಕ್ಕ ಗಾಯಕ್ಕೆ ಲೇಪವೇ ಬೇಡ.

ಸಂಸ್ಕೃತದಲ್ಲಿ ಶಿಕ್ಷೆಯೆಂದರೆ ಕಲಿಸುವುದು; ಕನ್ನಡದ ಬಳಕೆಯಲ್ಲಿ ದಂಡಿಸುವುದು. ಎಳೆಯದರಲ್ಲಿ ಬೆರಳುಗಾತ್ರದ ಕೊಂಬೆಯನ್ನು ತೆಗೆಯುವುದು ಮೊದಲನೆಯದು. ತಡಮಾಡಿ ತೊಡೆಗಾತ್ರದ್ದನ್ನು ಕಡಿಯುವುದು ಎರಡನೆಯದು. ವರ್ಷಕ್ಕೊಮ್ಮೆ ಅರ್ಧ ಗಳಿಗೆ ಗಿಡದ ಮುಂದೆ ನಿಂತು ನೋಡುವ ಗೃಹಸ್ಥನಿಗೆ ಎರಡನೆಯದರ ಪ್ರಸಂಗವು ವಿರಳ.